ಸಿಗಡಿಪ್ರಿಯ ಅಳಿಯ

"ಮೊದಲು ತೆಯಕಪಾನ್. ಬೆಳಿಗ್ಗೆ ಬೇಗ ಏಳೋ ಮಾತೇ ಇಲ್ಲ. ಎದ್ದಾಗ ಎದ್ವಿ, ಸಮುದ್ರಕ್ಕೆ ಇಳಿದ್ವಿ, ಆಮೇಲೆ ಜೋಳದ ಹಿಟ್ಟಲ್ಲಿ ಬೇಯಿಸಿದ ಬಿಸಿಬಿಸಿ ಸಿಗಡಿ ತಮಾಲೆ. ಸಿಗಡಿ ಮೀಸೆ ಹೊರಗೆ ಚಾಚ್ಕೊಂಡಿರುತ್ತಲ್ಲ, ಅದು!" ಎಂದಳು ಯಾರೆಲಿ. ಬಂದರು ಪಟ್ಟಣ ಮಾಸಾತ್ಲಾನಿನ ತನ್ನ ಮನೆಯ ಹಿತ್ತಲಲ್ಲಿ, ಮಾವಿನ ಮರದ ಕೆಳಗೆ ಕುಳಿತು ಅವಳು ಫೋನಿನಲ್ಲಿ ನಕ್ಷೆ ಸರಿಸುತ್ತಿದ್ದಳು. ಬರುವ ಶನಿವಾರ ಮದುವೆ, ಮಾರನೆಯ ದಿನವೇ ಹನಿಮೂನಿಗೆ ಹೊರಡುವುದು.

ಪಕ್ಕದಲ್ಲಿದ್ದ ಮದುಮಗ ಎಫ್ರೆನ್ ತಲೆಯಾಡಿಸಿದ. "ಆಮೇಲೆ?"

"ಆಮೇಲೆ ಸಾನ್ ಬ್ಲಾಸ್. ಅಲ್ಲಿ ಸಿಗಡಿ ಸಾರು. ಕೊನೆಗೆ ಚಕಾಲ. ಮರಳ ಮೇಲೇ ಮೇಜು ಹಾಕಿರ್ತಾರೆ. ಕಾಲು ನೀರಲ್ಲಿ, ಕೈ ತಟ್ಟೇಲಿ. ಬೆಳ್ಳುಳ್ಳಿ ಸಿಗಡಿ, ತೆಂಗಿನತುರಿ ಹಚ್ಚಿ ಕರಿದ ಸಿಗಡಿ..."

"ಒಂದಿನ ಕೋಳಿ ತಿನ್ನೋಣ್ವಾ?"

"ಸಮುದ್ರದ ದಂಡೇಲಿ ಕೋಳೀನಾ? ಬೆಟ್ಟದವರ ಬುದ್ಧಿ ನೋಡು! ನಿಮ್ಮಪ್ಪನ ಮರ ಕೊಯ್ಯೋ ಸಾಮಿಲ್ಲಲ್ಲಿ ಕೂತು ತಿನ್ನು ಹೋಗು ಕೋಳಿ."

ಪಾಪ, ಎಫ್ರೆನ್‌ಗೆ ಸಿಗಡಿ ಕಂಡರೆ ಆಗದು. ದುರಾಂಗೋದ ಪೈನ್ ಕಾಡಿನ ಕಡೆಯವನು, ಅದರ ವಾಸನೆಯೇ ಸೇರದು. ಆದರೆ ಹುಡುಗಿಯ ಅಪ್ಪನದು ಸಿಗಡಿ ಹಿಡಿಯುವ ದೋಣಿ. ಹೆಣ್ಣು ಕೇಳಲು ಬಂದವನು ಸಿಗಡಿ ಬೇಡ ಎನ್ನುವುದುಂಟೆ? ವರ್ಷವಿಡೀ ಭಾನುವಾರ ಬಂದರೆ ತಿಂದ, ಚಪ್ಪರಿಸಿದ, ಇನ್ನಷ್ಟು ಬಡಿಸಿಕೊಂಡ. ಕಣ್ಣಲ್ಲಿ ನೀರು ಬಂದರೆ ತಪ್ಪನ್ನು ಮೆಣಸಿನಕಾಯಿಯ ಮೇಲೆ ಹೊರಿಸಿದ. ಹನಿಮೂನಿನಲ್ಲೂ ಹೇಗೋ ನುಂಗಬಹುದು. ಹೆಂಡತಿಯ ಜೊತೆಗೆ ಈ ಸುಳ್ಳನ್ನೂ ಕಟ್ಟಿಕೊಂಡು ಬಾಳಬೇಕಲ್ಲ ಎಂದು ಮಾತ್ರ ಅವನಿಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಅಷ್ಟರಲ್ಲಿ ಅವಳ ಅಪ್ಪ ದೋನ್ ರೊಸಾರಿಯೊ ಬಟ್ಟಲು ಹಿಡಿದು ಹಿತ್ತಲಿಗೆ ಬಂದರು. ನಿಂಬೆರಸದಲ್ಲಿ, ಅರೆದ ಹಸಿಮೆಣಸಿನಲ್ಲಿ ನೆನೆದ ಹಸಿ ಸಿಗಡಿ.

"ಅಳಿಯಂದ್ರೇ, ಬೆಳಿಗ್ಗೆ ದೋಣಿಯಿಂದ ಇಳಿಸಿದ್ದು. ನಿಮಗೇಂತ ದೊಡ್ಡದೊಡ್ಡದೇ ಆರಿಸಿದೀನಿ. ಇವಳಿಗೆ ಕೊಡ್ಬೇಡಿ, ಪೂರ್ತಿ ನಿಮ್ದೇ!" ಬೆನ್ನು ತಟ್ಟಿ ಒಳಗೆ ಹೋದರು.

ಎಫ್ರೆನ್ ಬಟ್ಟಲನ್ನು ಮೆಲ್ಲನೆ ಅವಳ ಕಡೆ ಸರಿಸಿದ. "ಯಾರೆಲಿ, ನಂಗೆ ಸಿಗಡಿ ಸೇರಲ್ಲ."

"ಇವತ್ತಾ?"

"ಯಾವತ್ತೂ."

ಯಾರೆಲಿ ಅವನನ್ನೇ ದಿಟ್ಟಿಸಿದಳು. ಮರುಕ್ಷಣ ಕಿಸಕ್ಕನೆ ನಕ್ಕಳು. ನಗು ತಡೆಯಲಾಗದೆ ಕುರ್ಚಿಯ ಕೈ ಹಿಡಿದುಕೊಂಡಳು. "ಅಯ್ಯೋ ಪಾಪಿ! ವರ್ಷವಿಡೀ ಹೇಗೋ ನುಂಗಿದೆ? ಅಪ್ಪ ಊರೆಲ್ಲ ಡಂಗುರ ಹೊಡೆದಿದಾರೆ ಕಣೋ, ನನ್ನ ಅಳಿಯನಷ್ಟು ಸಿಗಡಿ ತಿನ್ನೋರಿಲ್ಲ ಅಂತ!"

ಎಫ್ರೆನ್‌ಗೂ ನಗು ಬಂತು. ಅವಳು ಬಟ್ಟಲನ್ನು ಮಡಿಲಿಗೆ ಎಳೆದುಕೊಂಡು ತಾನೇ ತಿನ್ನತೊಡಗಿದಳು. "ಅಪ್ಪಂಗೆ ನಾನು ಹೇಳ್ತೀನಿ ಬಿಡು. ನಾಲ್ಕು ದಿನ ಮುಖ ಊದಿಸ್ಕೋತಾರೆ ಅಷ್ಟೇ. ತೆಯಕಪಾನಲ್ಲಿ ನಿಂಗೆ ಕೋಳಿ. ಸಾನ್ ಬ್ಲಾಸಲ್ಲಿ ಕೆಂಡದ ಮೇಲೆ ಮೀನು ಸುಡ್ತಾರೆ. ಮೀನಾದ್ರೂ ತಿಂತೀಯಾ, ಅದೂ ನಾಟಕಾನಾ?"

"ಮೀನು ತಿಂತೀನಿ."

"ಆಣೆಗೂ?"

"ನಿನ್ನಾಣೆ."

ಎಫ್ರೆನ್‌ಗೆ ಹಗುರವೆನಿಸಿತು. ಇಷ್ಟು ಸುಲಭವೆಂದು ಗೊತ್ತಿದ್ದರೆ ಎಂದೋ ಹೇಳಿಬಿಡಬಹುದಿತ್ತು ಎಂದುಕೊಂಡು ಕಾಲು ಚಾಚಿ ಕುಳಿತ.

ಬಟ್ಟಲು ಅರ್ಧವಾಗುವ ಹೊತ್ತಿಗೆ ಯಾರೆಲಿಯ ಕೈ ನಿಧಾನವಾಯಿತು. "ಮೊದಲನೇ ಸಲ ಬಂದಾಗ ಎರಡು ಬಟ್ಟಲು ತಿಂದೆ. ಇಂಥ ರುಚಿ ಹುಟ್ಟಿದಾಗಿಂದ ಕಂಡಿಲ್ಲ ಅಂತ ಅಪ್ಪನ ಕಣ್ಣಲ್ಲಿ ಕಣ್ಣಿಟ್ಟು ಹೇಳ್ದೆ. ನಾನು ನಿನ್ನ ಮುಖಾನೇ ನೋಡ್ತಿದ್ದೆ. ಒಂಚೂರೂ ಗೊತ್ತಾಗ್ಲಿಲ್ಲ."

"ನೀನು ಕೈತಪ್ಪಿ ಹೋಗ್ಬಾರ್ದು ಅಂತ ಹೇಳಿದ್ದು ಕಣೇ."

"ಗೊತ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತೇ ಸಂಜೆ ಸಮುದ್ರದ ಹತ್ರ, ನನ್ನಂಥವಳನ್ನ ಎಲ್ಲೂ ನೋಡಿಲ್ಲ ಅಂದ್ಯಲ್ಲ. ಆಗ್ಲೂ ಅದೇ ಮುಖ ಇತ್ತು."

ಸಮುದ್ರದ ಬಳಿ ಆಡಿದ ಆ ಮಾತು ನಿಜವಾಗಿತ್ತು, ಅಪ್ಪಟ ನಿಜ. ಅದನ್ನು ಹೇಳಲೇಬೇಕೆಂದು ಎಫ್ರೆನ್ ತಲೆ ಎತ್ತಿದ. ಯಾರೆಲಿ ರೆಪ್ಪೆ ಬಡಿಯದೆ ಅವನ ಮುಖವನ್ನೇ ನೋಡುತ್ತಿದ್ದಳು. ಯಾವ ಮುಖ ಇಟ್ಟುಕೊಂಡು ಹೇಳಬೇಕೆಂದು ಅವನಿಗೆ ತೋಚಲಿಲ್ಲ.