ಐದು ಗಂಟೆಯೊಳಗೆ ನಗಬೇಕು

“ನಗಿ” ಎಂದಿತು ಫೋನು. ಕವನ ತುಟಿ ಎಳೆದಳು. ಫೋನು ಒಪ್ಪಲಿಲ್ಲ. ಕೆಂಪು ಅಕ್ಷರ ಮೂಡಿತು: ‘ಗುರುತು ದೃಢಪಟ್ಟಿಲ್ಲ. ಇನ್ನು ಒಂದೇ ಅವಕಾಶ.’

ಫೋನು ಹಿಡಿದಿದ್ದ ಅವಳ ಗಂಡ ಮನೋಹರ ಗಡಿಯಾರ ನೋಡಿದ. ಸಂಜೆ ಐದರೊಳಗೆ ಆಗದಿದ್ದರೆ ಖಾತೆಗೆ ಬೀಗ. ಆಗಲೇ ನಾಲ್ಕೂ ಮುಕ್ಕಾಲು. ಹೆಂಡತಿಗೆ ತಿಳಿಸದೆ ಅವಳ ನಾಲ್ಕು ಚಿನ್ನದ ಬಳೆ ಮಾರಿ ಕ್ರಿಪ್ಟೋಗೆ ಹಾಕಿದ್ದ. ಖಾತೆ ತೆರೆದದ್ದೂ ಅವಳ ಹೆಸರಿನಲ್ಲೇ! ಶಿವಮೊಗ್ಗದ ದುರ್ಗಿಗುಡಿಯ ಅವನ ಜೆರಾಕ್ಸ್ ಅಂಗಡಿಗೆ ಮೊದಲ ಬೋಣಿ ಮಾಡಿದವಳು ಕವನ, ಅವಳ ಕೈಗುಣ ಒಳ್ಳೆಯದು ಎಂದು ನಂಬಿದ್ದ ಮಹಾನುಭಾವ. ಅವಳ ಆಧಾರ್ ಕೈಯಲ್ಲಿತ್ತು, ಓಟಿಪಿ ಅವನ ಫೋನಿಗೇ ಬರುತ್ತಿತ್ತು. ಈಗ ಹಣ ತೆಗೆಯಲು ಹೋದರೆ ಹೊಸ ನಿಯಮ, ಖಾತೆದಾರಳ ನಗುವ ಮುಖ ಕ್ಯಾಮೆರಾಗೆ ತೋರಿಸಬೇಕಂತೆ. ಆ ಮುಖವೋ, ತಂಗಿಯ ಸೀಮಂತಕ್ಕೆಂದು ಬೀರು ತೆಗೆದು, ಬಳೆ ಕಾಣದೆ, ಹಾಗೇ ಭದ್ರಾವತಿಯ ತವರಿಗೆ ಹೋಗಿ ಎರಡು ತಿಂಗಳಾದರೂ ಶಿವಮೊಗ್ಗಕ್ಕೆ ತಿರುಗಿ ಬಂದಿರಲಿಲ್ಲ.

ಹಣ ಬಂದರೆ ಬಳೆ ಬರುತ್ತದೆ, ಬಳೆ ಬಂದರೆ ಅವಳೂ ಬರುತ್ತಾಳೆ ಎಂದುಕೊಂಡು ಮಧ್ಯಾಹ್ನವೇ ಅತ್ತೆಯ ಮನೆಗೆ ಓಡಿ ಬಂದಿದ್ದ.

“ನಗೇ ಮಾರಾಯ್ತಿ, ನಿನ್ನ ಬಳೆನೇ ಅಲ್ವಾ?” ಎಂದರು ಅತ್ತೆ ಪ್ರೇಮಮ್ಮ.

“ನಾನೇನು ಬೇಕಂತ ಮಾಡ್ತಿದೀನಾ ಅಮ್ಮ? ಬರ್ತಿಲ್ಲ.”

ಮನೋಹರ ಎದ್ದು ನಿಂತ. ಮದುವೆಯಾದ ಹೊಸತರಲ್ಲಿ ಅವನು ಬಸ್ ಕಂಡಕ್ಟರನಂತೆ ಕೂಗಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. “ಯಾರ್ರೀ ಭದ್ರಾವತಿ, ಭದ್ರಾವತಿ! ಒಳಗೆ ಹೋಗ್ರೀ, ಬಾಗಿಲೇನು ನಿಮ್ಮಪ್ಪಂದಾ?” ಎಂದು ಶುರುಮಾಡಿದ. ಕವನಳಿಗೆ ನಗು ಬರಲಿಲ್ಲ. ಐದಕ್ಕೆ ಮೂರೇ ನಿಮಿಷ. ಮನೋಹರ ಫೋನನ್ನು ಅಂಗಿಗೆ ಒರೆಸಿಕೊಂಡ.

“ರೀ, ಹಲ್ಲು ಕಂಡ್ರೆ ಸಾಕಾ?” ಎಂದಳು ಕವನ.

“ಸಾಕು, ಸಾಕು.”

“ಹಂಗಾದ್ರೆ ಹಿಡೀರಿ. ತಂಗಿ ಸೀಮಂತದಲ್ಲಿ ಎಲ್ರೂ ‘ಕೈ ಯಾಕೆ ಹಿಂಗಿದೆ, ಬಳೆ ಎಲ್ಲಿ?’ ಅಂತ ಕೇಳಿದಾಗ ನಕ್ಕಿದ್ನಲ್ಲ, ಹಂಗೇ ನಗ್ತೀನಿ.”

ನಕ್ಕಳು. ಫೋನಿನಲ್ಲಿ ಹಸಿರು ಗುರುತು ಮೂಡಿತು.

“ಪಾಸಾಯ್ತು!” ಮನೋಹರ ಕುಣಿದೇಬಿಟ್ಟ. “ಅಬ್ಬಾ, ಬದುಕಿದೆ! ಬಳೆ ತಂದೇ ತರ್ತೀನಿ. ಹೊರಡು, ಮನೆಗೆ ಹೋಗೋಣ.”

ಕವನ ತುಟಿ ಮುಚ್ಚಿದಳು.

“ಆಯ್ತಲ್ಲ? ಇನ್ನು ನಾನು ನಗಬೇಕಾಗಿಲ್ಲ ತಾನೇ?”