ಲಿಫ್ಟಿನೊಳಗೆ ಎಷ್ಟು ಜನ

“ಈ ಐವತ್ತು ಕೆ.ಜಿ. ಎಲ್ಲಿಂದ ಬಂತಮ್ಮ?”

ಭೌತಶಾಸ್ತ್ರದ ಮೇಷ್ಟ್ರು ಕೆಂಪು ಪೆನ್ನಿನ ತುದಿಯನ್ನು ಉತ್ತರಪತ್ರಿಕೆಯ ಮೇಲೆ ಊರಿದರು. ವಯಸ್ಕರ ಶಾಲೆಯ ಭಾನುವಾರದ ತರಗತಿ ಅದು. ಮೇಜಿನೆದುರು ನಿಂತಿದ್ದವಳು ಆಸ್ಪತ್ರೆಯ ಹಳೆಯ ಲಿಫ್ಟನ್ನು ಇಪ್ಪತ್ತೆರಡು ವರ್ಷದಿಂದ ಒಳಗೆ ನಿಂತು, ಹಿಡಿ ತಿರುಗಿಸಿ ನಡೆಸುತ್ತಿದ್ದ ಹೆಂಗಸು. ತರಗತಿಯವರ ಬಾಯಲ್ಲಿ ಲಿಫ್ಟಕ್ಕ. ಮೇಷ್ಟ್ರಿಗೆ ಅವಳ ಮಗನ ವಯಸ್ಸು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ಮೂವತ್ತೆರಡು. ಮೂವತ್ತೈದಾಗದಿದ್ದರೆ ಈ ವರ್ಷ ದೊಡ್ಡ ಪರೀಕ್ಷೆಗೆ ಕೂರುವ ಹಾಗಿಲ್ಲ. ಐದು ಅಂಕದ ಈ ಲೆಕ್ಕಕ್ಕೋ, ಮೇಷ್ಟ್ರು ದುಂಡಗೆ ಸೊನ್ನೆ ಸುತ್ತಿದ್ದರು.

ಲೆಕ್ಕ ಇಷ್ಟೆ: ಆರುನೂರು ಕೆ.ಜಿ.ಯ ಲಿಫ್ಟು, ಒಳಗೆ ತಲಾ ಐವತ್ತು ಕೆ.ಜಿ.ಯ ನಾಲ್ಕು ಜನ. ಒಂದೊಂದು ಸೆಕೆಂಡಿಗೂ ತನ್ನ ವೇಗವನ್ನು ಸೆಕೆಂಡಿಗೆ ಒಂದು ಮೀಟರಿನಷ್ಟು ಹೆಚ್ಚಿಸಿಕೊಳ್ಳುತ್ತ ಮೇಲೇರುತ್ತಿದೆ. ಉಕ್ಕಿನ ಹಗ್ಗದಲ್ಲಿ ಎಳೆತ ಎಷ್ಟು? ಗುರುತ್ವವನ್ನು ಹತ್ತೆಂದು ಹಿಡಿದರೆ ಎಂಟು ಸಾವಿರದ ಎಂಟುನೂರು ನ್ಯೂಟನ್. ಅವಳು ಬರೆದದ್ದು ಒಂಬತ್ತು ಸಾವಿರದ ಮುನ್ನೂರ ಐವತ್ತು.

“ಆರುನೂರು, ಇನ್ನೂರು, ಸೇರಿ ಎಂಟುನೂರಾಗ್ಬೇಕು. ನೀವು ಎಂಟುನೂರ ಐವತ್ತು ಅಂದಿದ್ದೀರಿ.”

“ಆ ಐವತ್ತು ನಾನು, ಸರ್.”

ಹಿಂದಿನ ಬೆಂಚುಗಳಲ್ಲಿ ನಗು ಎದ್ದಿತು.

“ನಿಜವಾಗಿ ಐವತ್ತೆಂಟಿದ್ದೀನಿ. ಪ್ರಶ್ನೇಲಿ ತಲೆಗೆ ಐವತ್ತು ಅಂತಿತ್ತಲ್ಲ, ನಂಗೊಬ್ಬಳಿಗೆ ಯಾಕೆ ಜಾಸ್ತಿ ಅಂತ ಅಷ್ಟೇ ಹಿಡಿದೆ.”

“ನಾಲ್ಕು ಜನ ಅಂತ ಸ್ಪಷ್ಟವಾಗಿ ಬರೆದಿದೆಯಲ್ಲಮ್ಮ!”

“ಅದು ಹತ್ತಿದವರ ಲೆಕ್ಕ. ಕರ್ಕೊಂಡು ಹೋಗೋರು ಯಾರು? ದಿನಾ ಅಂತಾರೆ ಸರ್, ‘ಬನ್ನಿ ಬನ್ನಿ, ಲಿಫ್ಟು ಖಾಲಿ ಇದೆ’ ಅಂತ. ನಾನು ಒಳಗೇ ನಿಂತಿರ್ತೀನಿ. ಜನ ನನ್ನ ಲೆಕ್ಕಕ್ಕೆ ತಗೊಳ್ದೇ ಇರಬಹುದು. ಹಗ್ಗ ತಗೊಳ್ಳುತ್ತೆ.”

“ಸರಿಯಾಗೇ ಹೇಳ್ತಿದ್ದಾರೆ ಸರ್,” ಎಂದ ಕೊನೆಯ ಬೆಂಚಿನ ಬಸ್ ಡ್ರೈವರ್. “ನಾಲ್ಕು ಜನ ಹತ್ತಿ ಕೂತ್ರೆ ಬಸ್ಸು ತಾನಾಗೇ ಹೊರಡುತ್ತಾ?”

ಮೇಷ್ಟ್ರು ಉತ್ತರವನ್ನು ಬಿಟ್ಟು ಮೊದಲ ಸಲ ಮೇಲಿನ ಸಾಲುಗಳನ್ನು ಓದಿದರು. ಪೆಟ್ಟಿಗೆಯ ಚಿತ್ರ. ಮೇಲಕ್ಕೊಂದು ಬಾಣ: ಎಳೆತ. ಕೆಳಕ್ಕೊಂದು: ತೂಕ. ಎಳೆತದಲ್ಲಿ ತೂಕ ಕಳೆದರೆ ಉಳಿಯುವುದು ದ್ರವ್ಯರಾಶಿ ಮತ್ತು ವೇಗೋತ್ಕರ್ಷದ ಗುಣಲಬ್ಧ. ಎಲ್ಲೂ ಒಂದು ಹೆಜ್ಜೆ ತಪ್ಪಿರಲಿಲ್ಲ. ಮೇಲಿನ ಬಾಣವನ್ನು ಕೆಳಗಿನದಕ್ಕಿಂತ ಕೂದಲೆಳೆಯಷ್ಟು ಉದ್ದವಾಗಿಯೇ ಎಳೆದಿದ್ದಳು. ಅವರ ಕಿವಿ ಕೆಂಪಾಯಿತು.

“ಹಂತಗಳನ್ನ ನೋಡದೆ ಸೊನ್ನೆ ಹಾಕಿದ್ದು ನನ್ನ ತಪ್ಪಮ್ಮ. ನಾಲ್ಕು ಅಂಕ ಬರುತ್ತೆ. ಉತ್ತರದ ಒಂದನ್ನ ಮಾತ್ರ ಕೊಡಕ್ಕಾಗಲ್ಲ.”

“ಕೊಡಬೇಡಿ ಸರ್. ನ್ಯಾಯವಾಗಿ ಬರೋದಷ್ಟೇ ಬರ್ಲಿ.”

ಮೂವತ್ತಾರು. ಅವಳು ಸೆರಗಿನಿಂದ ಕನ್ನಡಕ ಒರೆಸಿ, ಆ ಅಂಕಿಯನ್ನು ಎರಡು ಸಲ ಓದಿಕೊಂಡಳು.

“ಆದ್ರೆ ದೊಡ್ಡ ಪರೀಕ್ಷೇಲಿ ಪೇಪರ್ ತಿದ್ದೋರಿಗೆ ನೀವ್ಯಾರು ಅಂತ ಗೊತ್ತಿರಲ್ಲ. ಎಷ್ಟು ಜನ ಅಂತಾರೋ ಅಷ್ಟೇ ಜನ.”

“ಆಯ್ತು ಸರ್. ಅವತ್ತೊಂದಿನ ಲಿಫ್ಟಿಂದ ಇಳಿದು ಆಚೆ ನಿಂತ್ಕೊತೀನಿ.”

ಈ ಸಲ ಮೇಷ್ಟ್ರೇ ನಕ್ಕರು. ಲೆಕ್ಕವನ್ನು ಎಲ್ಲರಿಗೂ ಬಿಡಿಸಿ ತೋರಿಸಲು ಹಲಗೆಯ ಮೇಲೆ ದೊಡ್ಡದೊಂದು ಪೆಟ್ಟಿಗೆ ಬರೆದರು. ಬಾಣಗಳನ್ನು ಎಳೆದರು. ಒಳಗೆ ನಾಲ್ಕು ಚುಕ್ಕೆ ಇಟ್ಟರು. ಸೀಮೆಸುಣ್ಣ ಒಂದು ಕ್ಷಣ ಗಾಳಿಯಲ್ಲೇ ನಿಂತು, ಮೂಲೆಯಲ್ಲಿ ಐದನೆಯದೊಂದನ್ನು ಇಟ್ಟಿತು.

“ಇನ್ನೊಂಚೂರು ಬಾಗಿಲ ಕಡೆಗೆ, ಸರ್,” ಎಂದಳು ಲಿಫ್ಟಕ್ಕ. “ಹಿಡಿ ಅಲ್ಲಿರುತ್ತೆ.”