ಹದಿಮೂರು ಗಂಟೆಯ ಹಾರಾಟ

“ಹನ್ನೊಂದು ಗಂಟೆ, ಅಕ್ಕ. ಒಂಬತ್ತು ಸಾವಿರದ ಇನ್ನೂರು ಕಿಲೋಮೀಟರ್ ಅಲ್ವಾ? ಎದುರುಗಾಳಿ ಇದ್ರೆ ಒಂದಿಪ್ಪತ್ತು ನಿಮಿಷ ಹೆಚ್ಚು.”

“ಹದಿಮೂರು ಆಗಲ್ವಾ?” ದರ್ಜಿಯವಳು ಮತ್ತೆ ಕೇಳಿದಳು.

“ಹದಿಮೂರು ಗಂಟೆ ಹಾರಿದ್ರೆ ಬೇರೆ ದೇಶಕ್ಕೇ ಹೋಗಿಬಿಡ್ತೀರ,” ಎಂದು ಟಿಕೆಟ್ ಕಚೇರಿಯ ಹುಡುಗಿ ನಕ್ಕಳು. ಇವಳು ನಗಲಿಲ್ಲ.

ಅವಳ ಗಂಡ ವಿಮಾನದಲ್ಲಿ ಪ್ರಯಾಣಿಕರಿಗೆ ಊಟ ಕೊಡುವ ಕೆಲಸದವನು. ಆರು ತಿಂಗಳ ಹಿಂದೆ ಅವನನ್ನು ಈ ದೂರದ ಮಾರ್ಗಕ್ಕೆ ಹಾಕಿದ್ದರು. ವಾರಕ್ಕೊಮ್ಮೆ ಹೋಗಿ ಬರುತ್ತಿದ್ದ. “ಹದಿಮೂರು ಗಂಟೆ ಕಣೇ, ಸೊಂಟ ಬಿದ್ದುಹೋಗುತ್ತೆ,” ಎನ್ನುತ್ತಿದ್ದ. ಹಾಗಾದರೆ ಪ್ರತಿ ಸಲ ಆ ಎರಡು ಗಂಟೆ ಅವನು ಯಾವ ಆಕಾಶದಲ್ಲಿರುತ್ತಾನೆ?

ಒಂದು ಎಳೆ ಕೈಗೆ ಸಿಕ್ಕಿದ್ದೇ ತಡ, ಉಳಿದದ್ದೂ ಬಿಚ್ಚಿಕೊಂಡಿತು. ಹಿಂದಿನ ಸಲ ಹೊರಡುವಾಗ ಅವನ ಚೀಲದಲ್ಲಿ ಹೊಸ ಚಪ್ಪಲಿ ಇತ್ತು, ಹೆಂಗಸಿನದು, ಸರಿಯಾಗಿ ಅವಳದೇ ಅಳತೆ. ತನಗೇ ಇರಬೇಕೆಂದು ಬಾಯಿ ಬಿಟ್ಟಿರಲಿಲ್ಲ. ಬಂದಾಗ ಚೀಲ ಖಾಲಿ. ಅವನ ಪರ್ಸಿನಲ್ಲಿದ್ದ ಮಗಳ ಫೋಟೋ ಕೂಡ ಇರಲಿಲ್ಲ. “ಎಲ್ಲೋ ಬಿದ್ದಿರಬೇಕು,” ಎಂದ, ಕಣ್ಣು ತಪ್ಪಿಸಿ.

ಹೇಳಿಕೊಂಡು ಅಳೋಣವೆಂದರೆ ತವರಿಲ್ಲ. ಇವನನ್ನು ಮದುವೆಯಾದ ದಿನ ಅವಳ ತಾಯಿ, “ನನ್ನ ಪಾಲಿಗೆ ನೀನು ಸತ್ತೆ,” ಎಂದು ಬಾಗಿಲು ಹಾಕಿಕೊಂಡಿದ್ದಳು. ಹದಿನಾಲ್ಕು ವರ್ಷವಾಯಿತು. ಇವನಿಗಾಗಿ ಹೆತ್ತವಳನ್ನೇ ಬಿಟ್ಟುಬಂದದ್ದಕ್ಕೆ ಸಿಕ್ಕ ಫಲ ಇದು.

ಮರುವಾರ ಅಂಗಡಿಗೆ ಬೀಗ ಜಡಿದು ವಿಮಾನ ನಿಲ್ದಾಣದ ಹೊರಗೆ ಕಾದಳು. ಬೆಳಿಗ್ಗೆ ಒಂಬತ್ತಕ್ಕೆ ವಿಮಾನ ಇಳಿಯಿತು. ಅವನು ಹೊರಬಂದು ಟ್ಯಾಕ್ಸಿ ಹತ್ತಿದ. ಇವಳು ಇನ್ನೊಂದನ್ನು ಹತ್ತಿದಳು. ಮನೆಯ ದಾರಿ ಎಡಕ್ಕೆ. ಅವನ ಗಾಡಿ ಬಲಕ್ಕೆ ತಿರುಗಿತು.

“ಗಂಡನಾ?” ಎಂದ ಚಾಲಕ, ಕನ್ನಡಿಯಲ್ಲಿ ನೋಡುತ್ತ.

“ಸುಮ್ಮನೆ ಓಡಿಸಪ್ಪ.”

ಗಂಡ ದಾರಿಯಲ್ಲಿ ಔಷಧದಂಗಡಿಯ ಮುಂದೆ ಗಾಡಿ ನಿಲ್ಲಿಸಿ ಏನೋ ಕೊಂಡ. ಆಮೇಲೆ ಒಂದು ಇಕ್ಕಟ್ಟಾದ ಬೀದಿಯಲ್ಲಿ ಇಳಿದ. ಬಾಗಿಲು ತಟ್ಟಲೂ ಇಲ್ಲ. ಜೇಬಿನಿಂದ ಬೀಗದ ಕೈ ತೆಗೆದು ಸೀದಾ ಒಳಗೆ ಹೋದ. ಇವಳೂ ಟ್ಯಾಕ್ಸಿಯಿಂದ ಇಳಿದಳು. ಮುಚ್ಚಿದ ಕಿಟಕಿಗೆ ಕಿವಿಗೊಟ್ಟಳು. ಯಾರೋ ಕೆಮ್ಮಿದರು. ಆಮೇಲೆ ಒಡೆದ ದನಿಯೊಂದು: “ಬಂದ್ರಾ ಅಳಿಯಂದಿರೇ? ಈ ಸಲ ಬೇಗ ಎದ್ದುಬಿಡಬೇಡಿ.”

ಅಳಿಯಂದಿರು. ಅಂದರೆ ಇನ್ನೊಂದು ಮದುವೆಯೇ ಆಗಿಹೋಗಿದೆ. ಉಪಚಾರಕ್ಕೆ ಅತ್ತೆಯೂ ಇದ್ದಾಳೆ. ಆ ಮುದುಕಿಯ ಮಗಳು ಒಳಗೆಲ್ಲೋ ಇರಬೇಕು, ಹೊಸ ಚಪ್ಪಲಿ ಮೆಟ್ಟಿಕೊಂಡು. ಮೈಯೆಲ್ಲ ಉರಿದು, ಎರಡೂ ಕೈಯಿಂದ ಬಾಗಿಲು ಬಡಿದಳು.

“ನೀವು ಕೂತ್ಕೊಳ್ಳಿ, ನಾನೇ ನೋಡ್ತೀನಿ.” ಗೋಡೆ ಸವರುತ್ತ ಹೆಜ್ಜೆಗಳು ಹತ್ತಿರ ಬಂದವು. ಬಾಗಿಲು ತೆರೆಯಿತು. ಪೊರೆ ಕಟ್ಟಿದ ಎರಡು ಕಣ್ಣುಗಳು ಅವಳ ಮುಖದ ಮೇಲೆ ಅಲೆದಾಡಿದವು, ಗುರುತು ಹತ್ತಲಿಲ್ಲ.

“ಯಾರಮ್ಮ ನೀನು?” ಎಂದು ಕೇಳಿದಳು, ಅವಳ ಹೆತ್ತ ತಾಯಿ.